ಬಗ್ಗಡ ತಿಳಿಗೊಳಿಸುವಿಕೆ: ಚಿನ್ನ ತೊಳೆಯುವ ನೀರಿನಲ್ಲಿ ಜೇಡಿ ಮತ್ತು ರೇವೆ

ಚಿನ್ನದ ಕಣಗಳಿರುವ ಮಣ್ಣನ್ನು ನೀರಿನಲ್ಲಿ ಆಡಿಸಿ ತೊಳೆಯುವಾಗ ನೀರಿಗೆ ಬೆರೆಯುವ ಜೇಡಿಮಣ್ಣು ಮತ್ತು ರೇವೆಯನ್ನು ಮತ್ತೆ ಬೇರ್ಪಡಿಸುವ ಕೆಲಸ. ಇದಕ್ಕೆ ಎರಡು ಉದ್ದೇಶ: ಅದೇ ನೀರನ್ನು ಇನ್ನೊಮ್ಮೆ ತೊಳೆಯಲು ಬಳಸುವುದು, ಇಲ್ಲವೇ ಹಳ್ಳ ಕೆಡದ ಹಾಗೆ ಹೊರಬಿಡುವುದು. ನೋಡಲು ಸಣ್ಣ ಕೆಲಸ. ಆದರೆ ನುಣ್ಣನೆಯ ಚಿನ್ನ ಕೈಗೆ ಸಿಗುವುದೋ ಕೆಸರಿನೊಂದಿಗೆ ಹರಿದು ಹೋಗುವುದೋ ಎಂಬುದು ಬಹುಮಟ್ಟಿಗೆ ಇಲ್ಲೇ ತೀರ್ಮಾನವಾಗುತ್ತದೆ. ಇದರಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ಹಂತಗಳಿವೆ. ತೊಳೆಯುವ ಪಾತ್ರೆಯಾದ ಮರಿಗೆಯಲ್ಲಿ ಜೇಡಿ ಬಿಡಿಬಿಡಿಯಾಗಿ ಕದಡಬೇಕು. ತಂಗುವ ತೊಟ್ಟಿಯಲ್ಲಿ ಅದೇ ಜೇಡಿ ಒಂದಕ್ಕೊಂದು ಅಂಟಿ ತಳಕ್ಕೆ ಕೂರಬೇಕು. ಈ ಎರಡನ್ನು ಒಂದೇ ಪಾತ್ರೆಯಲ್ಲಿ ಮಾಡಹೊರಡುವುದೇ ಹೊಸಬರ ಹೆಚ್ಚಿನ ತೊಂದರೆಗಳಿಗೆ ಮೂಲ.

ನೆಲದ ಗುಣ

ಚಿಕ್ಕಮಗಳೂರು ಜಿಲ್ಲೆ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ ಸುಮಾರು 1,434 ಮೀಟರ್ ಎತ್ತರದಲ್ಲಿದೆ. ಬಾಬಾಬುಡನ್ ಬೆಟ್ಟಸಾಲಿನ ಈ ಭಾಗ ಕಬ್ಬಿಣದ ಅದಿರಿಗೆ ಹೆಸರಾದದ್ದು, ಚಿನ್ನಕ್ಕಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಗೆ ಅದಿರು ಇಲ್ಲಿಂದಲೇ ಹೋಗುತ್ತಿತ್ತು. ಬೆಟ್ಟದ ಮೇಲಿನಿಂದ ತಣಿಗೇಬೈಲಿನವರೆಗೆ ತಂತಿಹಾದಿಯಲ್ಲಿ ತೊಟ್ಟಿಗಳು ತೂಗಾಡುತ್ತ ಇಳಿಯುತ್ತಿದ್ದವು. ಗಿರಿಧಾಮ ಈಗ ತೋಟಗಾರಿಕೆ ಇಲಾಖೆಯ ಉಸ್ತುವಾರಿಯಲ್ಲಿದೆ. ಬೆಟ್ಟದಿಂದ ಪಶ್ಚಿಮಕ್ಕೆ ಇಳಿಯುವ ಹಳ್ಳಗಳು, ಹೆಬ್ಬೆ ಜಲಪಾತದ ನೀರೂ ಸೇರಿ, ಭದ್ರಾ ನದಿಗೆ ಬಂದು ಲಕ್ಕವಳ್ಳಿಯ ಜಲಾಶಯ ಸೇರುತ್ತವೆ.

ಚಿನ್ನ ತೊಳೆಯುವ ಬಗ್ಗೆ ಬರೆಯುವಾಗ ಕಬ್ಬಿಣದ ಊರನ್ನು ಎತ್ತಿಕೊಳ್ಳಲು ಕಾರಣವಿದೆ. ಬಗ್ಗಡ ನೀರಿನ ಸ್ವಭಾವವನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಮುಂಗಾರಿನಲ್ಲಿ ರಸ್ತೆ ಬದಿಯ ಚರಂಡಿಯಿಂದ ಒಂದು ಗಾಜಿನ ಲೋಟ ನೀರು ಹಿಡಿದು ಇಟ್ಟರೆ ಅದು ಮೂರು ಬಗೆಯಾಗಿ ಒಡೆಯುವುದು ಕಣ್ಣಿಗೇ ಕಾಣುತ್ತದೆ. ಕೈಯಿಂದ ಕೆಳಗಿಡುವಷ್ಟರಲ್ಲಿ ಕಪ್ಪು-ಕಂದು ಬಣ್ಣದ ಭಾರದ ಮರಳು ತಳ ಸೇರಿರುತ್ತದೆ. ಕೆಲವು ನಿಮಿಷಗಳಲ್ಲಿ ಅದರ ಮೇಲೆ ರೇವೆಯ ತೆಳು ಪದರ ಕೂರುತ್ತದೆ. ಅದರ ಮೇಲಿನ ನೀರು ಮಾತ್ರ ಮರುದಿನ ಬೆಳಗ್ಗೆಯೂ ಕೆಂಪಾಗಿಯೇ ಇರುತ್ತದೆ.

ಬೆಟ್ಟದ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಇರುವುದು ಮುಖ್ಯವಾಗಿ ಕೆಯೋಲಿನೈಟ್ ಎಂಬ ಜೇಡಿ ಖನಿಜ ಮತ್ತು ಹೆಮಟೈಟ್, ಗೋಯಥೈಟ್ ಎಂಬ ಕಬ್ಬಿಣದ ಆಕ್ಸೈಡುಗಳು. ಈ ಆಕ್ಸೈಡುಗಳು ಜೇಡಿಯ ಕಣಗಳನ್ನು ಹಿಡಿದು ಸಣ್ಣ ಸಣ್ಣ ಹರಳುಗಳಾಗಿ ಕಟ್ಟಿರುತ್ತವೆ. ಹಾಗಾಗಿ ಕೆಮ್ಮಣ್ಣು ನೋಡಲು ಭಯಂಕರವಾಗಿ ಕಂಡರೂ ಪಳಗಿಸಲು ಸುಲಭ. ಅದೇ ಬೆಟ್ಟಸಾಲಿನ ಪೂರ್ವಕ್ಕಿರುವ ಅಜ್ಜಂಪುರದ ಕಡೆಯ ಎರೆಮಣ್ಣಿನದು ಬೇರೆಯೇ ಕತೆ. ಎರೆಯಲ್ಲಿರುವ ಸ್ಮೆಕ್ಟೈಟ್ ಜಾತಿಯ ಜೇಡಿ ನೀರು ಕುಡಿದು ಉಬ್ಬುತ್ತದೆ, ಅತಿ ತೆಳು ಹಾಳೆಗಳಾಗಿ ಬಿಚ್ಚಿಕೊಳ್ಳುತ್ತದೆ, ದಿನಗಟ್ಟಲೆ ತೇಲುತ್ತದೆ. ಚಿನ್ನ ಹುಡುಕುವವರಿಗೆ ಕಷ್ಟ ಕೊಡುವುದು ಈ ಎರೆಯೇ. ಚಿನ್ನದ ಸುಳಿವು ಇರುವುದೂ ಎರೆಮಣ್ಣಿನ ಈ ಪೂರ್ವ ಭಾಗದ ಪದರಶಿಲೆಗಳಲ್ಲೇ.

ಜಲಗಾರರು

ಕನ್ನಡ ನಾಡಿನಲ್ಲಿ ಹಳ್ಳದ ಮರಳು ತೊಳೆದು ಚಿನ್ನ ತೆಗೆಯುವ ಕಸುಬಿನವರನ್ನು ಜಲಗಾರರು ಎನ್ನುತ್ತಿದ್ದರು. ಗದಗ ಸೀಮೆಯ ಕಪ್ಪತಗುಡ್ಡದ ಸುತ್ತ, ಸೊರಟೂರು, ಡೋಣಿ ಹಳ್ಳಗಳಲ್ಲಿ ಇವರು ಕೆಲಸ ಮಾಡುತ್ತಿದ್ದುದನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರ ತಮ್ಮ ವರದಿಯಲ್ಲಿ ದಾಖಲಿಸಿದ್ದಾರೆ. ಮುಂದೆ 1880ರ ದಶಕದಲ್ಲಿ ಅವರು ಮೈಸೂರು ಸಂಸ್ಥಾನದ ಚಿನ್ನದ ಪಟ್ಟಿಗಳನ್ನು ಸುತ್ತಿ ನೋಡಿದರು. ಕೋಲಾರದ ಕತೆ ಇನ್ನೂ ಹಳೆಯದು. 1802ರಲ್ಲಿ ಮೈಸೂರಿನ ಪೂರ್ವದ ಗಡಿ ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಮಾರಿಕುಪ್ಪಂ, ಊರಿಗಾಂ ಕಡೆಯ ಹಳ್ಳಿಗರಿಂದ ಮಣ್ಣು ತರಿಸಿ ಕಣ್ಣೆದುರಿಗೇ ತೊಳೆಸಿದರು. ತಳದಲ್ಲಿ ಚಿನ್ನದ ಪುಡಿ ಉಳಿಯಿತು.

ಹಳ್ಳದ ಚಿನ್ನಕ್ಕೆ ಒಳ್ಳೆಯ ಕಾಲ ಎಂದರೆ ಜೋರು ಮಳೆ ಬಂದು ಹೊಳೆ ಇಳಿದ ಮೇಲಿನ ದಿನಗಳು. ಪ್ರವಾಹ ಹೊಸ ಮಣ್ಣನ್ನು ಕೊರೆದು ತಂದಿರುತ್ತದೆ, ಹಗುರದ್ದನ್ನು ಸಾಗಿಸಿ ಭಾರದ್ದನ್ನು ಬಂಡೆಯ ಸಂದಿಯಲ್ಲೂ ಹಳ್ಳದ ತಿರುವಿನ ಒಳಮಗ್ಗುಲಲ್ಲೂ ಬಿಟ್ಟು ಹೋಗಿರುತ್ತದೆ. ಅಂದರೆ ತೊಳೆಯಲು ತಕ್ಕ ಮಣ್ಣು ಸಿಗುವ ದಿನಗಳಲ್ಲೇ ನೀರು ಅತಿ ಹೆಚ್ಚು ಕದಡಿರುತ್ತದೆ. ಬೇಸಗೆಯಲ್ಲಿ ನೀರು ತಿಳಿ, ಆದರೆ ಗುಂಡಿಯಲ್ಲಿ ನಿಂತದ್ದಷ್ಟೇ. ನಾಲ್ಕು ಮರಿಗೆ ತೊಳೆದರೆ ಅದೂ ಗಂಜಿಯಾಗುತ್ತದೆ. ಎರಡು ಕಾಲದಲ್ಲೂ ಬಗ್ಗಡದ ಕಾಟ ತಪ್ಪಿದ್ದಲ್ಲ.

ಇದೇ ಕಸುಬಿನ ಪೇಟೆಯ ರೂಪ ಇಂದಿಗೂ ಇದೆ. ಬೆಂಗಳೂರಿನ ನಗರ್ತಪೇಟೆಯಂಥ ಅಕ್ಕಸಾಲೆ ಬೀದಿಗಳಲ್ಲಿ ಅಂಗಡಿಯ ಗುಡಿಸಿದ ಧೂಳು, ಚರಂಡಿಯ ಕೆಸರು ಸಂಗ್ರಹಿಸಿ ತೊಳೆದು ಚಿನ್ನದ ಪುಡಿ ತೆಗೆಯುವವರಿದ್ದಾರೆ. ಹಳ್ಳದ ಜೇಡಿಗಿಂತ ಈ ಕೆಸರು ಹಟಮಾರಿ. ಅದರಲ್ಲಿ ಎಣ್ಣೆಯೂ ಇರುತ್ತದೆ. ಜಿಡ್ಡು ಹಿಡಿದ ಸಣ್ಣ ಚಿನ್ನ ಭಾರವಿದ್ದರೂ ನೀರಿನ ಮೈಮೇಲೆ ತೇಲಿ ಹೋಗುತ್ತದೆ. ಒಂದೆರಡು ತೊಟ್ಟು ಪಾತ್ರೆ ತೊಳೆಯುವ ಸೋಪಿನ ದ್ರವ ಹಾಕಿದರೆ ಆ ತೇಲು ಮುರಿದು ಕಣ ಮುಳುಗುತ್ತದೆ.

ಜೇಡಿ ಏಕೆ ಇಳಿಯುವುದಿಲ್ಲ

ಮಣ್ಣಿನ ಶಾಸ್ತ್ರದಲ್ಲಿ 2 ಮೈಕ್ರಾನ್‌ಗಿಂತ ಸಣ್ಣ ಕಣಕ್ಕೆ ಜೇಡಿ ಎಂದೂ ಅದಕ್ಕಿಂತ ದಪ್ಪ, ಮರಳಿಗಿಂತ ಸಣ್ಣ ಕಣಕ್ಕೆ ರೇವೆ ಎಂದೂ ಹೆಸರು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಸ್ಥಿರವಾದ ನೀರಿನಲ್ಲಿ ಸಣ್ಣ ಕಣ ಎಷ್ಟು ವೇಗವಾಗಿ ಇಳಿಯುತ್ತದೆ ಎಂಬುದನ್ನು 1851ರಲ್ಲಿ ಜಾರ್ಜ್ ಸ್ಟೋಕ್ಸ್ ಲೆಕ್ಕಕ್ಕೆ ಇಳಿಸಿದರು. ವೇಗ ಕಣದ ವ್ಯಾಸದ ವರ್ಗಕ್ಕೆ ಹೊಂದಿಕೊಂಡಿದೆ. ವ್ಯಾಸ ಹತ್ತರಷ್ಟು ಕಡಿಮೆಯಾದರೆ ಇಳಿಯುವ ಹೊತ್ತು ನೂರರಷ್ಟು ಹೆಚ್ಚುತ್ತದೆ. 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 20 ಮೈಕ್ರಾನಿನ ರೇವೆ ಕಣ 10 ಸೆಂಟಿಮೀಟರ್ ಇಳಿಯಲು ಐದು ನಿಮಿಷದೊಳಗೇ ಸಾಕು. 2 ಮೈಕ್ರಾನಿನ ಜೇಡಿ ಕಣಕ್ಕೆ ಸುಮಾರು 8 ಗಂಟೆ ಬೇಕು. ಒಂದು ಮೀಟರ್ ಆಳದ ತೊಟ್ಟಿಯಾದರೆ ಮೂರು ದಿನ ದಾಟುತ್ತದೆ, ಅದೂ ಗಾಳಿ, ಬಿಸಿಲು ನೀರನ್ನು ಅಲುಗಿಸದಿದ್ದರೆ.

ಚಿನ್ನದ ಸಾಪೇಕ್ಷ ಸಾಂದ್ರತೆ 19.3, ಬೆಣಚುಕಲ್ಲಿನದು 2.65. ಹತ್ತು ಮೈಕ್ರಾನಿನ, ಕಣ್ಣಿಗೆ ಕಾಣದ ಚಿನ್ನದ ಗುಂಡು ಕೂಡ 10 ಸೆಂಟಿಮೀಟರನ್ನು ಎರಡು ನಿಮಿಷದೊಳಗೆ ಇಳಿಯಬಲ್ಲದು. ಲೆಕ್ಕದ ಮೇಲೆ ನೋಡಿದರೆ ಜೇಡಿಯಿಂದ ಚಿನ್ನಕ್ಕೆ ಯಾವ ಅಪಾಯವೂ ಇರಬಾರದು. ನಿಜದಲ್ಲಿ ಚಿನ್ನ ಗುಂಡಾಗಿರುವುದಿಲ್ಲ. ಹಳ್ಳದ ಕಲ್ಲುಗಳ ನಡುವೆ ಬಡಿಸಿಕೊಂಡು ತೆಳು ಹಾಳೆಯಾಗಿರುತ್ತದೆ, ನಿಧಾನ ಇಳಿಯುತ್ತದೆ. ದಪ್ಪ ಬಗ್ಗಡದಲ್ಲಿ ನೀರಿನ ಅಂಟುತನವೂ ಹೆಚ್ಚಿರುತ್ತದೆ. ಇವೆರಡಕ್ಕಿಂತ ದೊಡ್ಡ ಕಳ್ಳ ಎಂದರೆ ಜೇಡಿಯ ಉಂಡೆ. ಕರಗದ ಜೇಡಿ ಉಂಡೆ ಮರಿಗೆಯಲ್ಲಿ ಉರುಳುತ್ತ ಎದುರಿಗೆ ಬಂದ ಚಿನ್ನದ ಹುಡಿಯನ್ನು ಮೈಗೆ ಮೆತ್ತಿಕೊಂಡು ಅಂಚು ದಾಟಿ ಹೋಗುತ್ತದೆ.

ಜೇಡಿ ಇಳಿಯದಿರಲು ಗಾತ್ರದ ಜೊತೆಗೆ ಇನ್ನೊಂದು ಕಾರಣವಿದೆ. ಜೇಡಿ ಕಣಗಳ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಎಲ್ಲಕ್ಕೂ ಒಂದೇ ಬಗೆಯ ಅಂಶವಾದ್ದರಿಂದ ಒಂದನ್ನೊಂದು ದೂಡುತ್ತವೆ, ಕೂಡಿ ದೊಡ್ಡದಾಗುವುದಿಲ್ಲ. ನೀರಿನಲ್ಲಿ ಲವಣ ಹೆಚ್ಚಿದ್ದರೆ ಈ ದೂಡುವಿಕೆ ಕುಗ್ಗುತ್ತದೆ. ನೇತ್ರಾವತಿ, ಶರಾವತಿಯ ಕೆಂಪು ನೀರು ಸಮುದ್ರದ ಉಪ್ಪು ನೀರನ್ನು ಮುಟ್ಟಿದಲ್ಲಿ ಹೂಳು ಕೂರುವುದು ಇದರಿಂದಲೇ. ಮಲೆನಾಡಿನ ಹಳ್ಳದ್ದು ಮಳೆಯ ನೀರು, ಬಹಳ ಮೃದು. ತಾನಾಗಿ ಜೇಡಿಯನ್ನು ಕೂಡಿಸುವಷ್ಟು ಲವಣ ಅದರಲ್ಲಿಲ್ಲ.

ಮೊದಲು ಕದಡುವುದು

ತೊಳೆಯುವ ಕೆಲಸ ಮರಿಗೆಯಿಂದ ಶುರುವಾಗಬಾರದು, ನೆನೆ ಹಾಕುವುದರಿಂದ ಶುರುವಾಗಬೇಕು. ಮಣ್ಣನ್ನು ಬಕೆಟ್ಟಿನಲ್ಲೋ ಅರ್ಧ ಕೊಯ್ದ ಡ್ರಮ್ಮಿನಲ್ಲೋ ಹಾಕಿ, ಮುಳುಗುವಷ್ಟು ನೀರೆರೆದು ರಾತ್ರಿಯಿಡೀ ಬಿಡುತ್ತಾರೆ. ಎರೆಮಣ್ಣಾದರೆ ಮೊದಲು ಬಿಸಿಲಿಗೆ ಹರಡಿ ಚೆನ್ನಾಗಿ ಒಣಗಿಸುವುದು ಲೇಸು. ಒಣಗಿ ಬಿರುಕುಬಿಟ್ಟ ಎರೆ ನೀರು ತಾಗಿದೊಡನೆ ಪುಡಿಪುಡಿಯಾಗಿ ಬಿಚ್ಚಿಕೊಳ್ಳುತ್ತದೆ. ಹಸಿ ಎರೆಯನ್ನು ಕಲಸಿದಷ್ಟೂ ಗಟ್ಟಿ ಉಂಡೆಯಾಗುತ್ತದೆ. ಆಮೇಲೆ ಕೈಯಿಂದ ಹಿಸುಕಿ, ಕೋಲಿನಿಂದ ಕಡೆದು, ಮೇಲಿನ ಕೆಸರು ನೀರನ್ನು ತಂಗುವ ತೊಟ್ಟಿಗೆ ಬಗ್ಗಿಸುತ್ತಾರೆ. ಬೆರಳಿಗೆ ಜಾರುವ ನುಣುಪು ಹೋಗಿ ಬರೀ ಮರಳು ಸಿಗುವವರೆಗೆ ಇದನ್ನು ಮಾಡಬೇಕು.

ಹಟ ಹಿಡಿದ ಜೇಡಿಗೆ ಚಿಟಿಕೆ ವಾಷಿಂಗ್ ಸೋಡಾ ನೆರವಾಗುತ್ತದೆ. ಮಣ್ಣು ಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಇದೇ ಕೆಲಸಕ್ಕೆ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಬಳಸುತ್ತಾರೆ. ಸೋಡಿಯಂ ಸೇರಿದರೆ ಜೇಡಿ ಕಣಗಳು ಇನ್ನಷ್ಟು ದೂರ ಸರಿಯುತ್ತವೆ, ನೀರು ಮತ್ತಷ್ಟು ಕದಡುತ್ತದೆ. ಈ ಹಂತದಲ್ಲಿ ಬೇಕಾದದ್ದೂ ಅದೇ. ನೀರನ್ನು ತಿಳಿಗೊಳಿಸುವ ಪಟಿಕವನ್ನು ಇಲ್ಲೇ ಹಾಕಿದವರ ಗತಿ ನೋಡಬೇಕು: ಜೇಡಿ ಮರಿಗೆಯಲ್ಲೇ ಮುದ್ದೆ ಮುದ್ದೆಯಾಗಿ ಕಟ್ಟಿ, ಮರಳಿನ ಮೇಲೆ ಮೆತ್ತಿ, ಚಿನ್ನವನ್ನು ಒಳಗೇ ಹೂತುಬಿಡುತ್ತದೆ.

1850ರ ದಶಕದಲ್ಲಿ ಆಸ್ಟ್ರೇಲಿಯಾದ ಬೆಂಡಿಗೋದಲ್ಲಿ ಇದೇ ಕೆಲಸಕ್ಕೆ ಕುದುರೆಗಳನ್ನು ಕಟ್ಟಿದರು. ವೃತ್ತಾಕಾರದ ಕಾಲುವೆಯಲ್ಲಿ ಮಣ್ಣು, ನೀರು ತುಂಬಿ, ಕುದುರೆ ಸುತ್ತುತ್ತ ಹಲುಬೆಯಂಥದ್ದನ್ನು ಎಳೆಯುತ್ತಿತ್ತು. ಚಿನ್ನವೇನೋ ಸಿಕ್ಕಿತು, ಆದರೆ ಹೊರಬಿದ್ದ ಕೆಸರು ಹಳ್ಳಗಳನ್ನೂ ಬೀದಿಗಳನ್ನೂ ತುಂಬಿ, 1859ರಲ್ಲಿ ವಿಕ್ಟೋರಿಯಾ ಸರ್ಕಾರ ಕೆಸರಿನ ವಿಚಾರಣೆಗೆಂದೇ ಒಂದು ಆಯೋಗ ನೇಮಿಸಬೇಕಾಯಿತು.

ಮರಿಗೆಯಲ್ಲಿ ನೀರು ಎಷ್ಟು ತಿಳಿಯಾಗಿರಬೇಕು? ಕನ್ನಡಿಯಂಥ ನೀರು ಬೇಕಾಗಿಲ್ಲ. ಗೇಣುದ್ದ ನೀರಿನಡಿ ಮರಿಗೆಯ ತಳ ಕಂಡರೆ ಸಾಕು. ಕೆಮ್ಮಣ್ಣುಗುಂಡಿಯಂಥ ಅದಿರಿನ ನೆಲದಲ್ಲಿ ಕಣ್ಣಿಗೆ ಕಾಣುವುದು ಇನ್ನೂ ಮುಖ್ಯ, ಏಕೆಂದರೆ ಇಲ್ಲಿ ಜೇಡಿ ಹೋದಮೇಲೂ ಭಾರದ ಕಬ್ಬಿಣದ ಮರಳು ತಳದಲ್ಲಿ ಉಳಿಯುತ್ತದೆ. ಅದರಲ್ಲಿ ಮ್ಯಾಗ್ನಟೈಟನ್ನು ಅಯಸ್ಕಾಂತದಿಂದ ಎತ್ತಬಹುದು. ಹೆಮಟೈಟ್ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಅದನ್ನು ತಿಳಿನೀರಿನಲ್ಲಿ, ಒಂದೊಂದೇ ಅಲೆ ಹಾಯಿಸಿ, ಕಣ್ಣಿಟ್ಟು ಜಾರಿಸಬೇಕು.

ಆಮೇಲೆ ಕೂಡಿಸುವುದು

ತೊಟ್ಟಿಗೆ ಬಂದ ಬಗ್ಗಡವನ್ನು ತಿಳಿಗೊಳಿಸಲು ನಮ್ಮಲ್ಲಿ ಹಿಂದಿನಿಂದ ಬಂದ ಮೂರು ವಸ್ತುಗಳಿವೆ: ಪಟಿಕ, ಸುಣ್ಣ, ಚಿಲ್ಲದ ಬೀಜ.

ಪಟಿಕದಲ್ಲಿರುವ ಅಲ್ಯೂಮಿನಿಯಂ ಅಯಾನಿನ ಮೇಲೆ ಮೂರು ಧನ ಅಂಶಗಳಿವೆ. ಉಪ್ಪಿನ ಸೋಡಿಯಂ ಮೇಲೆ ಒಂದು, ಸುಣ್ಣದ ಕ್ಯಾಲ್ಸಿಯಂ ಮೇಲೆ ಎರಡು. ಅಂಶ ಹೆಚ್ಚಿದಂತೆ ಜೇಡಿಯನ್ನು ಕೂಡಿಸುವ ಶಕ್ತಿ ಹಲವು ಪಟ್ಟು ಏರುತ್ತದೆ. ಹಾಗಾಗಿ ಹಿಡಿ ಉಪ್ಪು ಮಾಡುವುದನ್ನು ಚೂರು ಪಟಿಕ ಮಾಡುತ್ತದೆ. ಅದರ ಜೊತೆಗೆ ನೀರಿನಲ್ಲಿ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಜಿಗುಟು ಎಳೆ ಕಟ್ಟಿ, ಇಳಿಯುತ್ತ ದಾರಿಯಲ್ಲಿ ಸಿಕ್ಕ ಕಣಗಳನ್ನು ಬಾಚಿಕೊಂಡು ಹೋಗುತ್ತದೆ. ಈ ಕೆಲಸದಲ್ಲಿ ನೀರಿನ ಕ್ಷಾರೀಯತೆ ಖರ್ಚಾಗುತ್ತದೆ. ಬಯಲುಸೀಮೆಯ ಗಡಸು ಬಾವಿನೀರಿಗೆ ಇದು ಲೆಕ್ಕಕ್ಕಿಲ್ಲ. ಮಲೆನಾಡಿನ ಮೃದು ನೀರಿನಲ್ಲಿ ಮಾತ್ರ ಪಟಿಕ ಒಂದನ್ನೇ ಹಾಕುತ್ತ ಹೋದರೆ ನೀರು ಹುಳಿಯಾಗಿ, ಎಳೆ ಕಟ್ಟುವುದೇ ನಿಂತುಹೋಗುತ್ತದೆ. ಜೊತೆಗೆ ಸ್ವಲ್ಪ ಸುಣ್ಣದ ತಿಳಿ ಹಾಕಬೇಕು. ‘ಪಟಿಕ ಹಾಕಿದೆ, ಏನೂ ಆಗಲಿಲ್ಲ’ ಎಂಬ ದೂರಿಗೆ ಇಲ್ಲಿ ಹಲವು ಸಲ ಇದೇ ಕಾರಣ.

ಎಷ್ಟು ಹಾಕಬೇಕೆಂಬುದಕ್ಕೆ ಪುಸ್ತಕದ ಅಂಕಿಗಿಂತ ಬಾಟಲಿಯ ಪರೀಕ್ಷೆ ನಂಬಿಕಸ್ತ. ಒಂದು ಗ್ರಾಂ ಪಟಿಕವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿದರೆ ಆ ದ್ರಾವಣದ ಒಂದು ಮಿಲಿಲೀಟರಿನಲ್ಲಿ ಒಂದು ಮಿಲಿಗ್ರಾಂ ಇರುತ್ತದೆ. ಐದು ಬಾಟಲಿಗಳಲ್ಲಿ ಒಂದೊಂದು ಲೀಟರ್ ಬಗ್ಗಡ ತೆಗೆದುಕೊಂಡು 20, 40, 60, 80, 100 ಮಿಲಿಲೀಟರ್ ಹಾಕಿ, ಒಂದು ನಿಮಿಷ ಜೋರಾಗಿ ಕಲಕಿ, ಆಮೇಲೆ ಹತ್ತು ನಿಮಿಷ ನಿಧಾನವಾಗಿ ತಿರುಗಿಸಿ, ಇಟ್ಟುಬಿಡಬೇಕು. ಮೊದಲು ತಿಳಿಯಾದ, ಅತಿ ಕಡಿಮೆ ಪಟಿಕದ ಬಾಟಲಿಯ ಪ್ರಮಾಣವೇ ತೊಟ್ಟಿಗೆ ಸರಿ. ಅದು 60 ಎಂದಾದರೆ 200 ಲೀಟರಿನ ಡ್ರಮ್ಮಿಗೆ 12 ಗ್ರಾಂ. ನಿಧಾನವಾಗಿ ತಿರುಗಿಸುವ ಆ ಹತ್ತು ನಿಮಿಷವನ್ನು ಜನ ಬಿಡುತ್ತಾರೆ, ಬಿಡಬಾರದು. ಎಳೆಗಳು ಒಂದನ್ನೊಂದು ಮುಟ್ಟಿ ದೊಡ್ಡದಾಗುವುದು ಆಗಲೇ. ಜೋರಾಗಿ ಕಲಕುತ್ತಲೇ ಇದ್ದರೆ ಕಟ್ಟಿದ ಎಳೆ ಒಡೆದುಹೋಗುತ್ತದೆ.

ಚಿಲ್ಲದ ಬೀಜ, ಸಂಸ್ಕೃತದ ಕತಕ, ಒಣ ಎಲೆಯುದುರು ಕಾಡಿನ ಮರವೊಂದರ ಬೀಜ. ಸುಶ್ರುತ ಸಂಹಿತೆ ನೀರನ್ನು ತಿಳಿಗೊಳಿಸುವ ವಸ್ತುಗಳ ಪಟ್ಟಿಯಲ್ಲಿ ಇದನ್ನು ಹೆಸರಿಸುತ್ತದೆ. ಬೀಜವನ್ನು ಒರಟು ಮಣ್ಣಿನ ಗಡಿಗೆಯ ಒಳಮೈಗೆ ತೇಯ್ದು ನೀರು ತುಂಬುವುದು ಹಳೆಯ ರೂಢಿ. ತೇಯ್ದ ಗಂಧವನ್ನು ನೀರಿಗೆ ಕದಡುವುದೂ ಉಂಟು. ನುಗ್ಗೆಯ ಒಣಬೀಜದ ತಿರುಳಿನಲ್ಲಿರುವ ಧನ ಅಂಶದ ಪ್ರೋಟೀನು ಇದೇ ಕೆಲಸ ಮಾಡುತ್ತದೆ. ಇವೆರಡೂ ನೀರನ್ನು ಹುಳಿ ಮಾಡುವುದಿಲ್ಲ, ಮೃದು ನೀರಿಗೆ ಒಗ್ಗುತ್ತವೆ. ಕೊರತೆಯೆಂದರೆ ಬೀಜದ ಜೈವಿಕ ಅಂಶ ನೀರಿನಲ್ಲಿ ಉಳಿದು ಎರಡು ಮೂರು ದಿನದಲ್ಲಿ ವಾಸನೆ ಬರುತ್ತದೆ. ಗಡಿಗೆಯ ಮಟ್ಟಕ್ಕೆ ಚಿಲ್ಲದ ಬೀಜ ಚೆನ್ನ. ಡ್ರಮ್ಮುಗಟ್ಟಲೆ ಕೆಸರಿಗೆ ಪಟಿಕವೇ ಸರಿ.

ಈಗ ಗಣಿಗಳಲ್ಲಿ ಬಳಸುವುದು ಪಾಲಿಅಕ್ರಿಲಮೈಡ್ ಎಂಬ ಉದ್ದ ಸರಪಳಿಯ ಪಾಲಿಮರ್. ಲೀಟರಿಗೆ ಒಂದೆರಡು ಮಿಲಿಗ್ರಾಂ ಕೂಡ ಕಣ್ಣೆದುರಿಗೇ ಕೆಸರನ್ನು ಹೆಪ್ಪುಗಟ್ಟಿಸುತ್ತದೆ. ಧನ ಅಂಶದ ಬಗೆಯದು ಮೀನಿನ ಕಿವಿರಿಗೆ ಅಂಟಿ ಕೊಲ್ಲುವುದರಿಂದ ಹಳ್ಳದ ಬಳಿ ಅದು ಬೇಡ. ಯಾವ ಬಗೆಯದಾದರೂ ಹೆಚ್ಚು ಉಳಿದ ನೀರನ್ನು ಮತ್ತೆ ಮರಿಗೆಗೆ ಹಾಕಿದರೆ ಜೇಡಿ ಅಲ್ಲೇ ಕಟ್ಟಿಕೊಳ್ಳುತ್ತದೆ.

ತೊಟ್ಟಿಯ ಏರ್ಪಾಡು

ಸಣ್ಣ ಕೆಲಸಕ್ಕೆ ಮೂರು ಡ್ರಮ್ಮು ಸಾಕು. ಮೊದಲನೆಯದರಲ್ಲಿ ಮರಳು, ದಪ್ಪ ರೇವೆ ಕೂರುತ್ತದೆ, ಎರಡನೆಯದಕ್ಕೆ ಪಟಿಕ, ಮೂರನೆಯದರಿಂದ ತಿಳಿನೀರು. ನೀರನ್ನು ಮೇಲಿನಿಂದ ಸುರಿಯದೆ ಅಂಚಿನಿಂದ ಉಕ್ಕಿಸಿ ಮುಂದಿನದಕ್ಕೆ ಹರಿಸಬೇಕು. ಇಲ್ಲಿ ಆಳಕ್ಕಿಂತ ಹರವು ಮುಖ್ಯ. ನೀರು ಎಷ್ಟು ವೇಗದಲ್ಲಿ ಮೇಲೇಳುತ್ತದೋ ಅದಕ್ಕಿಂತ ವೇಗವಾಗಿ ಇಳಿಯಬಲ್ಲ ಕಣ ಮಾತ್ರ ಉಳಿಯುತ್ತದೆ, ಆದ್ದರಿಂದ ಬಾಯಿ ಅಗಲವಾದ ತೊಟ್ಟಿ ಆಳವಾದ ಬಾವಿಗಿಂತ ಒಳ್ಳೆಯದು. ತಳದ ಕೆಸರನ್ನು ಎಸೆಯುವ ಮುನ್ನ ಮೊದಲ ಡ್ರಮ್ಮಿನದನ್ನು ಇನ್ನೊಮ್ಮೆ ತೊಳೆದು ನೋಡುವುದು ಅನುಭವಸ್ಥರ ಪದ್ಧತಿ. ತಪ್ಪಿಸಿಕೊಂಡ ಚಿನ್ನ ಇದ್ದರೆ ಅಲ್ಲಿಯೇ ಇರುತ್ತದೆ.

ಪಾದರಸ ಬಳಸಿ ಚಿನ್ನ ಹಿಡಿಯುವ ಹಳೆಯ ಉಪಾಯಕ್ಕೂ ಜೇಡಿ ಶತ್ರುವೇ. ಜೇಡಿ ಮೆತ್ತಿದ ಪಾದರಸ ಹುಡಿಯಾಗಿ ಒಡೆದು ಚಿನ್ನವನ್ನೂ ಹೊತ್ತುಕೊಂಡು ನೀರಿನೊಂದಿಗೆ ಹೋಗುತ್ತದೆ. ವಿಷ ಹಳ್ಳ ಸೇರುತ್ತದೆ, ಲಾಭವೂ ಇಲ್ಲ. ಪಾದರಸದ ಬಳಕೆ ತಗ್ಗಿಸುವ 2013ರ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ.

ದೊಡ್ಡ ಗಣಿಗಳ ಕೆಸರು

ದೊಡ್ಡ ಪ್ರಮಾಣದಲ್ಲಿ ಇದೇ ಸಮಸ್ಯೆ ಭದ್ರಾ ನದಿಯ ಮೇಲ್ಭಾಗದಲ್ಲೇ ಎದುರಾಯಿತು. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಅದಿರನ್ನು ನುಣ್ಣಗೆ ಅರೆದು ಮ್ಯಾಗ್ನಟೈಟ್ ಬೇರ್ಪಡಿಸಿ, ಉಳಿದ ಕೆಸರನ್ನು ಹಿಡಿದಿಡಲು ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಿತು. ಕೆಸರಿಗೆ ತೊಟ್ಟಿಯಾಗಿ ಒಂದು ಕಣಿವೆಯೇ ಬೇಕಾಯಿತು. ಭಾರಿ ಮಳೆಯ ಆ ಸೀಮೆಯಲ್ಲಿ ತೆರೆದ ಗಣಿಯ ಮಣ್ಣು ನದಿಗೆ ಇಳಿಯುವುದು ದೊಡ್ಡ ವಿವಾದವಾಗಿ, ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕ್ಯಾಲಿಫೋರ್ನಿಯಾದಲ್ಲಿ ಚಿನ್ನಕ್ಕಾಗಿ ಬೆಟ್ಟಗಳಿಗೆ ನೀರು ಚಿಮ್ಮಿಸಿ ಕರಗಿಸುತ್ತಿದ್ದುದು ನಿಂತದ್ದೂ ನ್ಯಾಯಾಲಯದಿಂದಲೇ. ಹೂಳಿನಿಂದ ನೆಲ ಕಳೆದುಕೊಂಡ ಕೆಳಗಿನ ರೈತರ ಪರವಾಗಿ 1884ರಲ್ಲಿ ತೀರ್ಪು ಬಂತು. ಕೋಲಾರದಲ್ಲಿ ನೀರು ಬತ್ತಿ ಕೆಸರು ಉಳಿಯಿತು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಅರೆದ ಕಲ್ಲಿನ ಸೈನೈಡ್ ಗುಡ್ಡಗಳು ಊರ ನಡುವೆ ನಿಂತಿವೆ, ಬೇಸಗೆಯ ಗಾಳಿಗೆ ಧೂಳಾಗಿ ಏಳುತ್ತವೆ.

ಕಾನೂನು

ಚಿನ್ನ 1957ರ ಗಣಿ ಮತ್ತು ಖನಿಜ ಕಾಯಿದೆಯ ವ್ಯಾಪ್ತಿಗೆ ಬರುವ ಪ್ರಧಾನ ಖನಿಜ. ಪರವಾನಗಿ ಇಲ್ಲದೆ ಹಳ್ಳದಿಂದ ಅದನ್ನು ತೆಗೆಯುವಂತಿಲ್ಲ. ಕೆಸರು ನೀರನ್ನು ಹೊಳೆಗೆ ಬಿಡುವುದು 1974ರ ಜಲ ಮಾಲಿನ್ಯ ಕಾಯಿದೆಗೆ ಒಳಪಡುತ್ತದೆ. ಕೆಮ್ಮಣ್ಣುಗುಂಡಿಗೆ ತಾಗಿದಂತೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶವಿದೆ. ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 29ನೇ ಕಲಮಿನ ಪ್ರಕಾರ ಅನುಮತಿಯಿಲ್ಲದೆ ನೀರಿನ ಹರಿವನ್ನು ತಿರುಗಿಸುವುದು, ತಡೆಯುವುದು ಕೂಡ ಅಪರಾಧ. ತಂಗುವ ಗುಂಡಿ ತೋಡಿ ಹಳ್ಳವನ್ನು ಅದಕ್ಕೆ ಹಾಯಿಸುವುದೂ ಇದರಲ್ಲಿ ಸೇರುತ್ತದೆ.